ಅಳತೆಪಟ್ಟಿಯಿಂದ ಶುರುವಾಗುವ ಬೀರು

ಸ್ಕ್ಯಾಂಡಿನೇವಿಯಾದ ಸರಳ ಶೈಲಿಯಲ್ಲಿ ಮನೆಯ ಬಟ್ಟೆ ಬೀರುವನ್ನು ಜೋಡಿಸಿಕೊಳ್ಳುವುದು ಹೇಗೆಂದು ಕೇಳಿ ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಮೊದಲನೆಯ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದವರು ಹಲವರಿದ್ದುದರಿಂದ ಅದರ ಉತ್ತರ ಮಿಕ್ಕವುಗಳಿಗಿಂತ ಉದ್ದವಾಗಿದೆ.

ಪ್ರಶ್ನೆ: ಚಿತ್ರಗಳಲ್ಲಿ ಕಾಣುವ ಸ್ಕ್ಯಾಂಡಿನೇವಿಯನ್ ಬೀರುಗಳಲ್ಲಿ ಹತ್ತು ಹನ್ನೆರಡು ಬಟ್ಟೆಗಳು ನೇತಾಡುತ್ತಿರುತ್ತವೆ, ಉಳಿದ ಜಾಗವೆಲ್ಲ ಖಾಲಿ. ಅದನ್ನು ನೋಡಿ ನಾನೂ ಬೀರುವಿಗೆ ಬಿಳಿ ಬಣ್ಣ ಹೊಡೆಸಿ, ಒಂದೇ ಬಗೆಯ ಹ್ಯಾಂಗರ್‌ಗಳನ್ನೂ ಒಂದೇ ಗಾತ್ರದ ಡಬ್ಬಗಳನ್ನೂ ತಂದು ಜೋಡಿಸಿದೆ. ಮೂರು ತಿಂಗಳು ಕಳೆಯುವುದರೊಳಗೆ ಎಲ್ಲವೂ ಮೊದಲಿನಂತೆಯೇ ಆಯಿತು. ತಪ್ಪಿದ್ದು ಎಲ್ಲಿ?

ಉತ್ತರ: ಕೊನೆಗೆ ಮಾಡಬೇಕಾದ ಕೆಲಸವನ್ನು ನೀವು ಮೊದಲು ಮಾಡಿದ್ದೀರಿ. ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಒಮ್ಮೆ ಮುಚ್ಚಳವಿರುವ ಹನ್ನೆರಡು ಡಬ್ಬಗಳನ್ನು ಒಟ್ಟಿಗೆ ಕೊಂಡು ತಂದೆ. ಮನೆಯಲ್ಲಿ ಇಟ್ಟು ನೋಡಿದರೆ ಖಾನೆಯ ಎತ್ತರಕ್ಕಿಂತ ಡಬ್ಬದ ಎತ್ತರವೇ ಎರಡು ಸೆಂಟಿಮೀಟರ್ ಹೆಚ್ಚು. ಮುಚ್ಚಳ ತೆಗೆದು ಒಳಗೆ ತಳ್ಳಿದೆ. ಆ ಹನ್ನೆರಡು ಮುಚ್ಚಳಗಳು ವರ್ಷವಿಡೀ ಬೀರುವಿನ ನೆತ್ತಿಯ ಮೇಲೆ ಧೂಳು ಹಿಡಿಯುತ್ತ ಕುಳಿತಿದ್ದವು.

ಈ ಶೈಲಿ ಎಂದರೆ ಬಿಳಿ ಬಣ್ಣ ಮತ್ತು ಖಾಲಿ ಜಾಗ ಎಂಬ ತಿಳಿವಳಿಕೆ ಚಿತ್ರಗಳಿಂದ ಬಂದದ್ದು. ಅದನ್ನು ರೂಪಿಸಿದವರು ಹಿಡಿದದ್ದು ಅಳತೆಪಟ್ಟಿಯನ್ನು. 1924ರಲ್ಲಿ ಡೆನ್ಮಾರ್ಕ್‌ನ ರಾಯಲ್ ಲಲಿತಕಲಾ ಅಕಾಡೆಮಿಯಲ್ಲಿ ಪೀಠೋಪಕರಣ ವಿನ್ಯಾಸದ ಪಾಠವನ್ನು ಆರಂಭಿಸಿದ ಕೋರೆ ಕ್ಲಿಂಟ್ ಅವರು, ಕಪಾಟಿನ ನಕ್ಷೆ ಬರೆಯುವುದಕ್ಕೆ ಮೊದಲು ಅದರೊಳಗೆ ಇಡಬೇಕಾದ ಬಟ್ಟೆ, ಪಾತ್ರೆಗಳನ್ನು ಅಳೆಯುವ ಕ್ರಮವನ್ನು ತಮ್ಮ ವಿದ್ಯಾರ್ಥಿಗಳಿಗೆ ಕಲಿಸಿದರು. ಅವರ ಶಿಷ್ಯ ಬೋರ್ಗೆ ಮೊಗೆನ್ಸೆನ್ ಮತ್ತು ವಾಸ್ತುಶಿಲ್ಪಿ ಗ್ರೇಟೆ ಮೇಯರ್ 1950ರ ದಶಕದ ಮೊದಲ ವರ್ಷಗಳಲ್ಲಿ ಈ ಕೆಲಸವನ್ನು ಇನ್ನೂ ಮುಂದಕ್ಕೆ ಒಯ್ದರು: ಮನೆಯೊಂದರಲ್ಲಿ ಅಂಗಿಗಳು ಎಷ್ಟಿರುತ್ತವೆ, ಮಡಿಸಿದ ಅಂಗಿ ಎಷ್ಟು ಅಗಲ, ಎಷ್ಟು ದಪ್ಪ ಎಂಬುದನ್ನೆಲ್ಲ ಲೆಕ್ಕ ಹಾಕಿ, ಆ ಲೆಕ್ಕಕ್ಕೆ ತಕ್ಕಂತೆ ಗೋಡೆಗೆ ಹೊಂದಿಸುವ ಕಪಾಟುಗಳ ಒಂದು ವ್ಯವಸ್ಥೆಯನ್ನೇ ಸಿದ್ಧಪಡಿಸಿದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಾವು ಹೇಳುತ್ತೇವೆ. ಇವರು ಮೊದಲು ಕಾಲನ್ನು ಅಳೆದು ಆಮೇಲೆ ಹಾಸಿಗೆ ಹೊಲಿದವರು.

ಬಿಳಿ ಬಣ್ಣದ ವಿಷಯ ಬೇರೆ. ಡಿಸೆಂಬರ್ ಕೊನೆಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹಗಲು ಇರುವುದು ಸುಮಾರು 6 ಗಂಟೆ. ನಾರ್ವೆಯ ಉತ್ತರಕ್ಕಿರುವ ಟ್ರೊಮ್ಸೊ ಊರಿನಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಅಂಥಲ್ಲಿ ಇದ್ದಷ್ಟು ಬೆಳಕನ್ನು ಮನೆಯೊಳಗೆ ಹಿಡಿದಿಡಲು ಗೋಡೆಗೂ ಮರಕ್ಕೂ ತೆಳು ಬಣ್ಣ ಬೇಕಾಯಿತು. ನಿಮ್ಮ ಕೋಣೆಗೆ ಧಾರಾಳವಾಗಿ ಬೆಳಕು ಬರುವುದಾದರೆ ಬೀರು ಯಾವ ಬಣ್ಣದಲ್ಲಿದ್ದರೂ ನಷ್ಟವಿಲ್ಲ. ಒಳಭಾಗ ಮಾತ್ರ ತಿಳಿಯಾಗಿರಲಿ, ಕಪ್ಪು ಕಾಲುಚೀಲವನ್ನು ಕಪ್ಪು ಖಾನೆಯಲ್ಲಿ ಹುಡುಕುವ ಕಷ್ಟ ತಪ್ಪುತ್ತದೆ.

ಇನ್ನು ಆ ಖಾಲಿ ಜಾಗ. ಅಲ್ಲಿನ ಮನೆಗಳಲ್ಲಿ ಕೋಟು ಮತ್ತು ಬೂಟುಗಳು ಮಲಗುವ ಕೋಣೆಯ ಬೀರುವಿಗೆ ಬರುವುದೇ ಇಲ್ಲ, ಬಾಗಿಲ ಬಳಿಯ ಪ್ರವೇಶದ ಕೋಣೆಯಲ್ಲೇ ಉಳಿಯುತ್ತವೆ. ಸ್ವೀಡನ್‌ನ ವಸತಿ ಸಮುಚ್ಚಯಗಳಲ್ಲಿ ಸಾಮಾನ್ಯವಾಗಿ ಪ್ರತಿ ಮನೆಗೂ ನೆಲಮಾಳಿಗೆಯಲ್ಲೋ ಅಟ್ಟದಲ್ಲೋ ಬೀಗ ಹಾಕಬಹುದಾದ ಒಂದು ಸಣ್ಣ ದಾಸ್ತಾನು ಕೋಣೆ ಇರುತ್ತದೆ, ಆ ಋತುವಿಗೆ ಬೇಡವಾದದ್ದು ಅಲ್ಲಿಗೆ ಹೋಗುತ್ತದೆ. ಚಿತ್ರ ತೆಗೆಯುವವನು ಆ ಅಟ್ಟವನ್ನು ನಮಗೆ ತೋರಿಸುವುದಿಲ್ಲ. ನಿಮಗೆ ಅಟ್ಟವಿಲ್ಲದಿದ್ದರೆ ನಿಮ್ಮ ಬೀರು ಆ ಚಿತ್ರಕ್ಕಿಂತ ತುಂಬಿಯೇ ಇರುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ.

ಈಗ ಮೂರು ತಿಂಗಳ ಮಾತಿಗೆ ಬರೋಣ. ಜೋಡಿಸಿದ ದಿನ ನಿಮ್ಮ ಬಟ್ಟೆಗಳೆಲ್ಲ ಬೀರುವಿನ ಮುಂದೆ ಇದ್ದವೇ? ಒಗೆಯುವ ಬುಟ್ಟಿಯಲ್ಲಿ ಕೆಲವು, ಒಣಗಲು ಹಾಕಿದವು ಕೆಲವು, ಇಸ್ತ್ರಿಗೆಂದು ರಾಶಿ ಹಾಕಿದವು ಕೆಲವು ಇದ್ದಿರಬೇಕು. ಇರುವುದನ್ನಷ್ಟೇ ಲೆಕ್ಕ ಹಿಡಿದು ಬೀರು ತುಂಬಿದರೆ, ಎಲ್ಲವೂ ಒಗೆದು ಬಂದ ದಿನ ಇಡಲು ಜಾಗವಿರುವುದಿಲ್ಲ; ಅಂದೇ ಜೋಡಣೆ ಕೆಡಲು ತೊಡಗುತ್ತದೆ. ಎರಡನೆಯ ಕಾರಣ, ಒಂದು ಸಲ ತೊಟ್ಟು ಇನ್ನೂ ಒಗೆಯುವಷ್ಟು ಕೊಳೆಯಾಗದ ಬಟ್ಟೆ. ಅದು ಬುಟ್ಟಿಗೆ ಸೇರದು, ಒಗೆದ ಬಟ್ಟೆಯ ನಡುವೆ ಇಡಲು ಮನಸ್ಸು ಬಾರದು. ಹೀಗಾಗಿ ಕುರ್ಚಿಯ ಬೆನ್ನ ಮೇಲೆ ಒಂದು ಪ್ಯಾಂಟು ಬೀಳುತ್ತದೆ, ಅದರ ಮೇಲೆ ಸ್ವೆಟರ್, ಅದರ ಮೇಲೆ ಟವೆಲ್. ವಾರ ಕಳೆಯುವುದರೊಳಗೆ ಕುರ್ಚಿ ಕಾಣದಂತಾಗುತ್ತದೆ. ಬೀರುವಿನ ಪಕ್ಕದ ಗೋಡೆಗೆ ನಾಲ್ಕೈದು ಮರದ ಗೂಟಗಳಿರುವ ಪಟ್ಟಿಯೊಂದನ್ನು ಹೊಡೆದು ಅದನ್ನು ಇಂಥ ಬಟ್ಟೆಗಳಿಗಷ್ಟೇ ಮೀಸಲಿಡಿ. ಗೂಟ ತುಂಬಿತೆಂದರೆ ಒಗೆಯುವ ಸಮಯ ಬಂತೆಂದು ಅರ್ಥ. ನೀವು ತಂದ ಅಷ್ಟೂ ಡಬ್ಬಗಳಿಗಿಂತ ಈ ಒಂದು ಪಟ್ಟಿಯಿಂದ ಪ್ರಯೋಜನ ಹೆಚ್ಚೆಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಇದೆಲ್ಲವನ್ನೂ ಮತ್ತೆ ಆರಂಭಿಸುವುದಾದರೆ, ಒಗೆತ ಮುಗಿದ ದಿನವನ್ನು ಆರಿಸಿಕೊಂಡು, ಎಲ್ಲವನ್ನೂ ಮಂಚದ ಮೇಲೆ ಸುರಿದು, ಬಣ್ಣದ ಪ್ರಕಾರವಾಗಲಿ ಸಮಾರಂಭದ ಪ್ರಕಾರವಾಗಲಿ ವಿಂಗಡಿಸದೆ, ಇಡುವ ರೀತಿಯ ಪ್ರಕಾರ ವಿಂಗಡಿಸಿ: ಉದ್ದವಾಗಿ ನೇತುಹಾಕಬೇಕಾದವು, ಗಿಡ್ಡವಾಗಿ ನೇತುಹಾಕಬೇಕಾದವು, ಮಡಿಸಿಡುವವು, ಚಿಕ್ಕಪುಟ್ಟವು. ನೇತುಹಾಕುವವನ್ನು ಸರಳಿನ ಮೇಲೆ ಒತ್ತದೆ ಸಾಲಾಗಿ ಹಾಕಿ ಎಷ್ಟು ಸೆಂಟಿಮೀಟರ್ ಆಯಿತೆಂದು ಅಳೆಯಿರಿ, ಮಡಿಸಿದ ರಾಶಿಗಳ ಎತ್ತರವನ್ನೂ ಅಳೆದು ಬರೆದಿಟ್ಟುಕೊಳ್ಳಿ. ಆ ಚೀಟಿಯನ್ನು ಬೀರುವಿನ ಒಳ ಅಳತೆಯ ಪಕ್ಕದಲ್ಲಿಟ್ಟು ನೋಡಿದರೆ, ಬಟ್ಟೆ ಹೆಚ್ಚಾಗಿದೆಯೋ ಖಾನೆಗಳ ಹಂಚಿಕೆ ತಪ್ಪಿದೆಯೋ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಬಹಳ ಮನೆಗಳಲ್ಲಿ ನಾನು ಕಂಡದ್ದು ಎರಡನೆಯದನ್ನೇ.

ಪ್ರಶ್ನೆ: ಹೊಸ ಬೀರು ಮಾಡಿಸುತ್ತಿದ್ದೇವೆ. ಬಡಗಿಯವರು 60 ಸೆಂಟಿಮೀಟರ್ ಆಳವಿಟ್ಟು, ಅರ್ಧ ಭಾಗಕ್ಕೆ ಸರಳು, ಅರ್ಧ ಭಾಗಕ್ಕೆ ಖಾನೆಗಳೆಂದು ನಕ್ಷೆ ಹಾಕಿದ್ದಾರೆ. ನಮಗೆ ಸರಳವಾದ, ಎಲ್ಲವೂ ಕಣ್ಣಿಗೆ ಕಾಣುವ ಬೀರು ಬೇಕು. ಈ ಅಳತೆಗಳು ಸರಿಯೇ?

ಉತ್ತರ: ಸರಳಿನ ಭಾಗಕ್ಕೆ ಸರಿ, ಖಾನೆಗಳ ಭಾಗಕ್ಕೆ ತಪ್ಪು. ಹ್ಯಾಂಗರ್‌ನ ಅಗಲ 40ರಿಂದ 45 ಸೆಂಟಿಮೀಟರ್ ಇರುತ್ತದೆ, ಅದಕ್ಕೆ ಹಾಕಿದ ಕೋಟಿನ ತೋಳು ಇನ್ನೂ ಹೊರಕ್ಕೆ ಚಾಚುತ್ತದೆ. ಆದ್ದರಿಂದ ನೇತುಹಾಕುವ ಕಡೆ 55ರಿಂದ 60 ಸೆಂಟಿಮೀಟರ್ ಆಳ ಬೇಕೇ ಬೇಕು. ಮಡಿಸಿದ ಬಟ್ಟೆಗೆ 35ರಿಂದ 40 ಸೆಂಟಿಮೀಟರ್ ಸಾಕು. ಅದೇ ಖಾನೆಗೆ 60 ಆಳ ಕೊಟ್ಟರೆ ಹಿಂದಿನ 20 ಸೆಂಟಿಮೀಟರ್‌ನಲ್ಲಿ ಎರಡನೆಯ ಸಾಲೊಂದು ಹುಟ್ಟಿಕೊಳ್ಳುತ್ತದೆ, ಆ ಸಾಲಿಗೆ ಹೋದ ಬಟ್ಟೆಗಳು ಮನೆ ಬದಲಾಯಿಸುವ ದಿನವೇ ಮತ್ತೆ ಸಿಗುವುದು. ಬೀರುವಿನ ಒಟ್ಟು ಆಳ 60 ಇರುವುದೇ ಅನಿವಾರ್ಯವಾದರೆ ಆ ಭಾಗಕ್ಕೆ ಹಲಗೆಗಳ ಬದಲು ಹೊರಗೆಳೆಯುವ ಡ್ರಾಯರ್‌ಗಳನ್ನು ಮಾಡಿಸಿ, ಎಳೆದ ಕೂಡಲೇ ಹಿಂದಿನ ತುದಿಯೂ ಕಣ್ಣಿಗೆ ಬೀಳುತ್ತದೆ. ಸ್ವೀಡನ್‌ನ ಐಕಿಯಾ ಸಂಸ್ಥೆಯ ಜೋಡಿಸುವ ಬೀರುಗಳೂ ಸುಮಾರು 58 ಮತ್ತು 35 ಸೆಂಟಿಮೀಟರ್ ಎಂಬ ಎರಡು ಆಳಗಳಲ್ಲಿ ಬರುತ್ತವೆ. ಕಡಿಮೆ ಆಳದ್ದರಲ್ಲಿ ಹ್ಯಾಂಗರ್‌ಗಳು ಅಡ್ಡಡ್ಡಲಾಗಿ ಅಲ್ಲ, ನಮ್ಮತ್ತ ಮುಖ ಮಾಡಿ ಒಂದರ ಹಿಂದೊಂದರಂತೆ ನೇತಾಡುತ್ತವೆ.

ಡ್ರಾಯರ್‌ಗಳ ಎತ್ತರದಲ್ಲಿ ಬಡಗಿಗಳು ಧಾರಾಳಿಗಳು. 25 ಸೆಂಟಿಮೀಟರ್ ಎತ್ತರದ ಡ್ರಾಯರ್ ಎಂದರೆ ಅದು ಹಳ್ಳ: ಮೇಲಿನ ಎರಡು ಬಟ್ಟೆಗಳನ್ನೇ ನೀವು ವರ್ಷವಿಡೀ ತೊಡುತ್ತೀರಿ, ಅಡಿಯವು ಬೆಳಕು ಕಾಣುವುದಿಲ್ಲ. ಒಳಉಡುಪು, ಕಾಲುಚೀಲ, ಕರವಸ್ತ್ರಗಳಿಗೆ ಒಳ ಎತ್ತರ 10ರಿಂದ 12 ಸೆಂಟಿಮೀಟರ್ ಸಾಕು. ಟೀ ಶರ್ಟುಗಳನ್ನು ಮಡಿಸಿ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸುವುದಾದರೆ 18 ಸೆಂಟಿಮೀಟರ್ ಇಡಿಸಿ. ಸ್ವೆಟರ್‌ಗಳಿಗೆ ತೆರೆದ ಹಲಗೆಯೇ ಒಳ್ಳೆಯದು, ಎರಡು ಹಲಗೆಗಳ ನಡುವೆ 25ರಿಂದ 30 ಸೆಂಟಿಮೀಟರ್ ಇರಲಿ. ಅದಕ್ಕಿಂತ ಹೆಚ್ಚಾದರೆ ರಾಶಿ ಬೆಳೆದು ಮಗುಚುತ್ತದೆ, ಅಡಿಯ ಸ್ವೆಟರ್ ಎಳೆದಾಗಲೆಲ್ಲ ಮೇಲಿನ ಐದನ್ನು ಮತ್ತೆ ಮಡಿಸಬೇಕಾಗುತ್ತದೆ.

ಸರಳಿನ ಲೆಕ್ಕ ಹೀಗಿದೆ. ಅಂಗಿಯೊಂದಕ್ಕೆ ಸರಳಿನ ಮೇಲೆ ಸುಮಾರು 3 ಸೆಂಟಿಮೀಟರ್, ದಪ್ಪ ಕೋಟಿಗೆ 6ರಿಂದ 8 ಸೆಂಟಿಮೀಟರ್ ಬೇಕು. 90 ಸೆಂಟಿಮೀಟರ್ ಸರಳಿನಲ್ಲಿ 30 ಅಂಗಿ ಹಿಡಿದರೂ 25ಕ್ಕೆ ನಿಲ್ಲಿಸಿದರೆ ಕೈ ತೂರಿಸಿ ಬೇಕಾದದ್ದನ್ನು ತೆಗೆಯಬಹುದು, ಇಸ್ತ್ರಿಯೂ ಉಳಿಯುತ್ತದೆ. ನಿಮ್ಮ ಬಟ್ಟೆಗಳಲ್ಲಿ ಗಿಡ್ಡವಾದವೇ ಹೆಚ್ಚಿದ್ದರೆ ನೆಲದಿಂದ 2 ಮೀಟರ್ ಎತ್ತರದಲ್ಲಿ ಒಂದು, 1 ಮೀಟರ್ ಎತ್ತರದಲ್ಲಿ ಇನ್ನೊಂದು, ಹೀಗೆ ಎರಡು ಸರಳುಗಳನ್ನು ಹಾಕಿಸಿ. ಅಷ್ಟೇ ಗೋಡೆಯಲ್ಲಿ ಎರಡರಷ್ಟು ಬಟ್ಟೆ ಹಿಡಿಯುತ್ತದೆ. ಮೇಲಿನ ಸರಳನ್ನು ಮಾತ್ರ ಮನೆಯಲ್ಲಿ ಅದನ್ನು ಬಳಸುವವರ ಕೈಗೆ ಎಟಕುವಂತೆ ಇಳಿಸಿಕೊಳ್ಳಿ. ಉದ್ದನೆಯ ಉಡುಪುಗಳಿಗೆ ಒಂದು ಮೂಲೆಯಲ್ಲಿ 50 ಸೆಂಟಿಮೀಟರ್ ಅಗಲದ ಎತ್ತರದ ಜಾಗವಿದ್ದರೆ ಸಾಕಾಗುತ್ತದೆ. ಸರಳು ಒಂದು ಮೀಟರ್ ದಾಟಿದರೆ ನಡುವೆ ಆಧಾರ ಕೇಳಿ. 18 ಮಿಲಿಮೀಟರ್ ದಪ್ಪದ ಹಲಗೆಯೂ 80 ಸೆಂಟಿಮೀಟರ್‌ಗಿಂತ ಉದ್ದವಾದರೆ ಭಾರಕ್ಕೆ ನಡು ಬಗ್ಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಹಲಗೆಗಳನ್ನು ಮೊಳೆ ಹೊಡೆದು ಕೂರಿಸಲು ಬಿಡಬೇಡಿ. ಪಕ್ಕದ ಹಲಗೆಗಳಲ್ಲಿ ಸಾಲಾಗಿ ತೂತು ಕೊರೆಸಿ ಗುಬುಟುಗಳ ಮೇಲೆ ಕೂರಿಸಿದರೆ, ಮುಂದೆ ಬಟ್ಟೆಗಳ ಲೆಕ್ಕ ಬದಲಾದಾಗ ಹಲಗೆಗಳೂ ಮೇಲೆ ಕೆಳಗೆ ಸರಿಯುತ್ತವೆ.

ಪ್ರಶ್ನೆ: ಈ ಶೈಲಿಯಲ್ಲಿ ಇಂತಿಷ್ಟೇ ಬಟ್ಟೆ ಇರಬೇಕೆಂಬ ಲೆಕ್ಕವಿದೆಯೇ? ನನ್ನ ಬಟ್ಟೆಗಳನ್ನು ಕಡಿಮೆ ಮಾಡಿದ್ದೇನೆ, ಆದರೆ ನನ್ನ ಯಜಮಾನರು ಹದಿನೈದು ವರ್ಷದ ಹಿಂದಿನ ಜಾಕೆಟನ್ನೂ ಬಿಡಲೊಲ್ಲರು. ಪ್ರತಿ ರಜೆಯಲ್ಲಿ ಇದೇ ಜಗಳ.

ಉತ್ತರ: ಅಂಥ ಲೆಕ್ಕವೇನೂ ಇಲ್ಲ. ಸ್ವೀಡಿಷ್ ಭಾಷೆಯಲ್ಲಿ 'ಲಾಗೊಮ್' ಎಂಬ ಮಾತಿದೆ. ಹೆಚ್ಚೂ ಅಲ್ಲದ, ಕಡಿಮೆಯೂ ಅಲ್ಲದ, ತಕ್ಕಷ್ಟು ಎಂದು ಅದರ ಅರ್ಥ. ನಮ್ಮ 'ಹದ' ಎಂಬ ಮಾತು ಅದಕ್ಕೆ ತೀರ ಹತ್ತಿರದ್ದು. ಹದಕ್ಕೆ ಸಂಖ್ಯೆ ಇಲ್ಲ. ಪ್ರತಿದಿನ ಹೊಲದಲ್ಲೋ ಕಾರ್ಖಾನೆಯಲ್ಲೋ ಬೆವರುವವರಿಗೆ ಬೇಕಾಗುವ ಅಂಗಿಗಳಿಗೂ ಮನೆಯಲ್ಲೇ ಕುಳಿತು ಕೆಲಸ ಮಾಡುವವರಿಗೆ ಬೇಕಾಗುವ ಅಂಗಿಗಳಿಗೂ ಅಂತರವಿದೆ. ನೀವು ಎಷ್ಟು ದಿನಕ್ಕೊಮ್ಮೆ ಒಗೆಯುತ್ತೀರಿ ಎಂಬುದೇ ನಿಮಗೆ ಬೇಕಾದ ದಿನಬಳಕೆಯ ಬಟ್ಟೆಗಳ ಸಂಖ್ಯೆಯನ್ನು ಹೇಳುತ್ತದೆ: ವಾರಕ್ಕೊಮ್ಮೆ ಒಗೆಯುವವರಿಗೆ ಎಂಟು ಹತ್ತು ಜೊತೆ, ಎರಡು ದಿನಕ್ಕೊಮ್ಮೆ ಒಗೆಯುವವರಿಗೆ ನಾಲ್ಕೈದು.

ಹ್ಯಾಂಗರ್‌ಗಳ ಉಪಾಯವೊಂದು ನಿಮಗೆ ಉಪಯೋಗಕ್ಕೆ ಬಂದೀತು. ವರ್ಷದ ಆರಂಭದಲ್ಲಿ ಎಲ್ಲ ಹ್ಯಾಂಗರ್‌ಗಳ ಕೊಕ್ಕೆಗಳನ್ನೂ ಹಿಂದುಮುಂದಾಗಿ ಸರಳಿಗೆ ಸಿಕ್ಕಿಸಿಡಿ. ತೊಟ್ಟು ಒಗೆದ ಬಟ್ಟೆಯನ್ನು ಮರಳಿ ಇಡುವಾಗ ಕೊಕ್ಕೆಯನ್ನು ಸರಿಯಾದ ದಿಕ್ಕಿಗೆ ಹಾಕಿ. ಎಲ್ಲ ಋತುಗಳೂ ಕಳೆದ ಮೇಲೆ ಇನ್ನೂ ಹಿಂದುಮುಂದಾಗಿರುವ ಕೊಕ್ಕೆಗಳ ಮೇಲೆ ಕಣ್ಣು ಹಾಯಿಸಿದರೆ ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ.

ಯಜಮಾನರ ಜಾಕೆಟ್ ವಿಚಾರದಲ್ಲಿ ನಾನು ಅವರ ಪಕ್ಷ. ಇನ್ನೊಬ್ಬರ ಬಟ್ಟೆಯನ್ನು ಅವರು ಮನೆಯಲ್ಲಿಲ್ಲದಾಗ ತೆಗೆದುಹಾಕಿ ಸರಳವಾದ ಮನೆಗಿಂತ ತುಂಬಿದ ಬೀರುವೇ ವಾಸಿ. ಬೀರುವಿನಲ್ಲಿ ಅವರ ಭಾಗವಿಷ್ಟು, ನಿಮ್ಮ ಭಾಗವಿಷ್ಟು ಎಂದು ಗೆರೆ ಎಳೆದುಕೊಳ್ಳಿ, ಗೆರೆಯಾಚೆಗೆ ಬಟ್ಟೆ ಚೆಲ್ಲದಿದ್ದರೆ ಗೆರೆಯೊಳಗೆ ಏನಿದೆ ಎಂದು ಕೇಳದಿರಿ. ಜಾಕೆಟ್ ತನ್ನ 8 ಸೆಂಟಿಮೀಟರ್ ಜಾಗಕ್ಕೆ ಅವರ ಪಾಲಿನಲ್ಲೇ ಬಾಡಿಗೆ ಕೊಡುತ್ತದೆ.

ಪ್ರಶ್ನೆ: ಬಾಗಿಲಿಲ್ಲದ ತೆರೆದ ಬೀರು ಒಳ್ಳೆಯದೋ, ಬಾಗಿಲಿರುವುದೋ?

ಉತ್ತರ: ಬಾಗಿಲಿರುವುದು. ಸ್ವೀಡನ್‌ನ ನಿಸ್ಸೆ ಸ್ಟ್ರಿನ್ನಿಂಗ್ 1949ರಲ್ಲಿ ರೂಪಿಸಿದ, ತೆಳು ತಂತಿಯ ಏಣಿಗಳಿಗೆ ಹಲಗೆ ಸಿಕ್ಕಿಸುವ ಗೋಡೆ ಕಪಾಟು ತೆರೆದಿದ್ದೂ ಇಂದಿಗೂ ಚೆಂದ ಕಾಣುತ್ತದೆ, ಆದರೆ ಅದು ಮೂಲತಃ ಪುಸ್ತಕಗಳಿಗೆಂದು ಮಾಡಿದ್ದು. ಪುಸ್ತಕದ ಧೂಳನ್ನು ಒರೆಸಬಹುದು, ಕೋಟಿನ ಭುಜದ ಧೂಳನ್ನು ಒಗೆಯಬೇಕು. ಬಿಸಿಲು ಬೀಳುವ ಕಡೆ ಇದ್ದರೆ ಭುಜದ ಬಣ್ಣವೂ ಮಾಸುತ್ತದೆ. ತೆರೆದ ಬೀರುವೇ ಬೇಕೆನ್ನುವವರು ವಾರವಾರವೂ ಕೈಗೆ ಬರುವ ಬಟ್ಟೆಗಳನ್ನಷ್ಟೇ ಅಲ್ಲಿಡಲಿ. ಕೋಣೆ ಇಕ್ಕಟ್ಟಾಗಿದ್ದರೆ ಜಾರು ಬಾಗಿಲು ಹಾಕಿಸಿ, ಆದರೆ ಅದರಲ್ಲಿ ಒಂದು ಸಲಕ್ಕೆ ಅರ್ಧ ಬೀರುವಷ್ಟೇ ಕಾಣುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ಪೈನ್ ಮರದ ಬೀರು ತಂದಾಗ ಹಾಲಿನ ಕೆನೆಯಂಥ ಬಣ್ಣದಲ್ಲಿತ್ತು. ಎರಡೇ ವರ್ಷದಲ್ಲಿ ಹಳದಿಗೆ ತಿರುಗಿದೆ. ತಡೆಯುವುದು ಹೇಗೆ? ಒಳಗೂ ಎಣ್ಣೆ ಹಚ್ಚಬಹುದೇ?

ಉತ್ತರ: ಪೈನ್ ಬೆಳಕು ತಗುಲಿದಂತೆ ಹಳದಿಯಾಗುವುದು ಅದರ ಸ್ವಭಾವ. ಸ್ಕ್ಯಾಂಡಿನೇವಿಯಾದಲ್ಲಿ ಇದಕ್ಕೆ ಹಳೆಯದೊಂದು ಉಪಚಾರವಿದೆ: ಬರಿಯ ಮರಕ್ಕೆ ಮೊದಲು ಕ್ಷಾರದ ದ್ರಾವಣ ಬಳಿದು, ಒಣಗಿದ ಮೇಲೆ ಬಿಳಿ ಸೋಪಿನ ತೆಳು ದ್ರಾವಣದಿಂದ ಉಜ್ಜುತ್ತಾರೆ. ಹಳದಿಯಾಗುವುದು ಇದರಿಂದ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಸೋಪಿನ ಉಜ್ಜಾಟವನ್ನು ಆಗಾಗ ಮಾಡುತ್ತಲೇ ಇರಬೇಕಾಗುತ್ತದೆ. ನಿಮ್ಮ ಬೀರುವಿಗೆ ಈಗಾಗಲೇ ವಾರ್ನಿಷ್ ಆಗಿದ್ದರೆ ಅದನ್ನು ಪೂರ್ತಿ ಉಜ್ಜಿ ತೆಗೆಯದ ಹೊರತು ಇದು ಹಿಡಿಯದು. ಕ್ಷಾರ ಚರ್ಮವನ್ನು ಸುಡುವಂಥದ್ದು, ಕೈಗವಸನ್ನೂ ಕಣ್ಣಿನ ರಕ್ಷಣೆಯನ್ನೂ ಮರೆಯಬಾರದು. ನನ್ನನ್ನು ಕೇಳಿದರೆ, ಹಳದಿಯಾದ ಪೈನ್‌ಗೆ ಅದರದೇ ಚೆಲುವಿದೆ.

ಒಳಗೆ ಎಣ್ಣೆ ಬೇಡ. ಅಗಸೆ ಎಣ್ಣೆಯ ವಾಸನೆ ಮುಚ್ಚಿದ ಬೀರುವಿನಲ್ಲಿ ತಿಂಗಳುಗಟ್ಟಲೆ ನಿಂತು ಬಟ್ಟೆಗೆ ಹತ್ತುತ್ತದೆ. ಹೊರಗೆ ಹಚ್ಚುವುದಾದರೂ ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿ ಹರಡಿ ಒಣಗಿಸಿದ ಮೇಲೆ ಎಸೆಯಿರಿ.

ಪ್ರಶ್ನೆ: ಕಡಿಮೆ ಬಟ್ಟೆ, ಒಳ್ಳೆಯ ಬಟ್ಟೆ ಎಂದುಕೊಂಡು ಉಣ್ಣೆಯ ಎರಡು ಸ್ವೆಟರ್ ತಂದಿದ್ದೆವು. ಒಂದು ಹ್ಯಾಂಗರ್‌ನಲ್ಲಿ ನೇತಾಡಿ ಜೋಲಿತು, ಇನ್ನೊಂದನ್ನು ಹುಳು ತಿಂದಿತು. ಕಾಪಾಡುವುದು ಹೇಗೆ?

ಉತ್ತರ: ಉಣ್ಣೆಯ ಹೆಣಿಗೆ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ, ಅದನ್ನು ಯಾವಾಗಲೂ ಮಡಿಸಿಯೇ ಇಡಬೇಕು. ಹುಳುವಿನ ವಿಷಯ ಹೀಗೆ: ಬಟ್ಟೆಯನ್ನು ತಿನ್ನುವುದು ಹಾರಾಡುವ ಚಿಕ್ಕ ಪತಂಗವಲ್ಲ, ಅದು ಇಟ್ಟ ಮೊಟ್ಟೆಯಿಂದ ಬರುವ ಮರಿಹುಳು. ಅದಕ್ಕೆ ಬೇಕಾದದ್ದು ಉಣ್ಣೆ, ರೇಷ್ಮೆ, ತುಪ್ಪಳದಂಥ ಪ್ರಾಣಿಮೂಲದ ನೂಲು, ಜೊತೆಗೆ ಕತ್ತಲು ಮತ್ತು ಯಾರೂ ಕದಲಿಸದ ನೆಮ್ಮದಿ. ಬೆವರಿನ, ಊಟದ ಕಲೆಯಿರುವ ಕಡೆಯೇ ಅದು ಮೊದಲು ಬಾಯಿ ಹಾಕುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ತೆಗೆದಿಡುವ ಉಣ್ಣೆಯನ್ನು ಒಗೆದು, ಪೂರ್ತಿ ಒಣಗಿಸಿ, ಒತ್ತಾದ ನೇಯ್ಗೆಯ ಹತ್ತಿ ಚೀಲದಲ್ಲಿ ಬಾಯಿ ಬಿಗಿಯಾಗಿ ಕಟ್ಟಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಚೂರು ತೇವ ಉಳಿದಿದ್ದರೂ ಬೂಷ್ಟು ಬರುತ್ತದೆ. ದಿನಬಳಕೆಯ ಸ್ವೆಟರನ್ನು ಮಾತ್ರ ಪದೇ ಪದೇ ಒಗೆಯಬೇಕಾಗಿಲ್ಲ. ಉತ್ತರದ ದೇಶಗಳಲ್ಲಿ ರಾತ್ರಿಯಿಡೀ ಗಾಳಿಗೆ ಹಾಕಿ ಮರುದಿನ ತೊಡುತ್ತಾರೆ, ಉಣ್ಣೆಗೆ ಅದು ಸಾಕು.

ನ್ಯಾಫ್ತಲೀನ್ ಗುಳಿಗೆಗಳನ್ನು ನಾನು ಬಿಟ್ಟು ಬಹಳ ಕಾಲವಾಯಿತು, ಅವುಗಳ ಆವಿ ಉಸಿರಾಟಕ್ಕೆ ಒಳ್ಳೆಯದಲ್ಲ, ಮುಖ್ಯವಾಗಿ ಹಸುಗೂಸುಗಳಿರುವ ಮನೆಯಲ್ಲಿ. ದೇವದಾರು ಮರದ ತುಂಡುಗಳು ಸ್ವಲ್ಪ ನೆರವಾಗುತ್ತವೆ, ಆದರೆ ವಾಸನೆ ಹೋದ ಮೇಲೆ ಅವು ಬರೀ ಕಟ್ಟಿಗೆ. ಉಜ್ಜುಕಾಗದದಿಂದ ಮೇಲ್ಪದರವನ್ನು ಆಗಾಗ ತೆಗೆಯುತ್ತಿರಬೇಕು. ತೂತು ಬಿದ್ದ ನಿಮ್ಮ ಸ್ವೆಟರನ್ನು ಎಸೆಯುವ ಮುನ್ನ, ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ, ಮೊಟ್ಟೆಯೂ ಹುಳುವೂ ಸಾಯುತ್ತವೆ. ಹೊರತೆಗೆದ ಕೂಡಲೇ ಚೀಲ ಬಿಚ್ಚಬೇಡಿ, ತಣ್ಣಗಿನ ಉಣ್ಣೆಯ ಮೇಲೆ ನೀರು ಕೂರುತ್ತದೆ. ಒಂದು ದಿನ ಹಾಗೆಯೇ ಬಿಡಿ. ಅದೇ ಹೊತ್ತಿಗೆ ಬೀರುವಿನ ಮೂಲೆಗಳನ್ನೂ ಹಲಗೆಯ ತೂತುಗಳನ್ನೂ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಸಿ, ಅದರ ಧೂಳಿನ ಚೀಲವನ್ನು ಅಂದೇ ಮನೆಯಿಂದ ಹೊರಗೆ ಹಾಕಿ. ತೂತು ಬೆರಳಿನಷ್ಟಿದ್ದರೆ ಅದೇ ಬಣ್ಣದ ಉಣ್ಣೆ ದಾರದಿಂದ ರಫು ಮಾಡಿಸಬಹುದು.